ಭಾಗೂ ಅಳೆದ ಹಾಲು

ನಾವು ಖಾನಾಪುರದಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲಕ್ಕೆ ವಿಜ್ಞಾನವೆಂದರೆ ಒಂದು ಕಪಾಟು. ಅದರೊಳಗೆ ಎರಡು ಬೀಕರು, ಒಂದು ತಕ್ಕಡಿ, ಬಾಟಲಿಯಲ್ಲಿ ಮುಳುಗಿಸಿಟ್ಟ ಒಂದು ಹಾವಿನ ಮರಿ. ಬೀಗದ ಕೈ ಹೆಡ್‌ಮಾಸ್ತರರ ಕೋಟಿನ ಜೇಬಿನಲ್ಲಿ. ಆ ಕಪಾಟು ತೆರೆದದ್ದನ್ನು ನಾನು ಎರಡೇ ಸಲ ನೋಡಿದ್ದೇನೆ, ಎರಡೂ ಸಲ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ. ಎಪ್ಪತ್ತರ ದಶಕದಲ್ಲಿ ತಾಲೂಕಿನ ಸಾಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯೋಗಗಳನ್ನು ನಾವು ಬಾಯಿಪಾಠ ಮಾಡುತ್ತಿದ್ದೆವು. ನೀಲಿ ಲಿಟ್ಮಸ್ ಕೆಂಪಾಗುತ್ತದೆ ಎಂದು ಎಷ್ಟೋ ಸಲ ಬರೆದಿದ್ದೇವೆ. ಆ ಕಾಗದವನ್ನು ಕಣ್ಣಿಂದ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಬಾಜೂ ಕೂರುತ್ತಿದ್ದವಳು ಭಾಗೂ. ಗೌಳಿ ಧನಗರರ ಹುಡುಗಿ. ಅಪ್ಪ ವಿಠೂ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದ. ಕಾಡಿನಂಚಿನ ಅವರ ವಾಡೆಯ ನಾಲ್ಕಾರು ಗುಡಿಸಲುಗಳಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ಆಕೆಯೊಬ್ಬಳೇ. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಎರಡೂ ಸೇರಿ ಆಕೆಯದೇ ಒಂದು ಭಾಷೆ. ಮೈಯಿಂದ ಬೆಣ್ಣೆಯ ಮತ್ತು ಒಲೆಹೊಗೆಯ ವಾಸನೆ ಬರುತ್ತದೆಂದು ಉಳಿದ ಹುಡುಗಿಯರು ದೂರ ಸರಿಯುತ್ತಿದ್ದರು. ನಾನು ಸರಿಯುತ್ತಿರಲಿಲ್ಲ. ಅದು ನನ್ನ ದೊಡ್ಡಗುಣವೇನಲ್ಲ. ಆಕೆ ನನ್ನ ಬೀಜಗಣಿತ ಬಿಡಿಸಿಕೊಡುತ್ತಿದ್ದಳು, ಬೇಸಗೆಯಲ್ಲಿ ಎಲೆಯಲ್ಲಿ ಕಟ್ಟಿ ಕವಳಿ ಹಣ್ಣು ತರುತ್ತಿದ್ದಳು, ಬಿಡುವಿನಲ್ಲಿ ಗಜ್ಜುಗದಾಟದಲ್ಲಿ ನನಗಾಗಿ ಸೋಲುತ್ತಿದ್ದಳು. ನಮ್ಮಪ್ಪನದು ಪೇಟೆಯಲ್ಲಿ ಅರಿವೆ ಅಂಗಡಿ. ನನಗೆ ಇಸ್ತ್ರಿ ಮಾಡಿದ ಲಂಗ, ಎರಡು ರಿಬ್ಬನ್, ಚೊಕ್ಕ ಮಾತು.

ಆ ವರ್ಷದ ಚಳಿಗಾಲದಲ್ಲಿ, ಸ್ಟೇಷನ್ನಿನ ರಸ್ತೆಯಲ್ಲಿ ಹಾಲು ಕೊಳ್ಳುವ ಗುತ್ತಿಗೆದಾರನೊಬ್ಬ ಬೆಳಗಾವಿಯಿಂದ ಗಾಜಿನ ಕೊಳವೆಯೊಂದನ್ನು ತಂದ. ಹಾಲಿನಲ್ಲಿ ಬಿಟ್ಟರೆ ಅದು ನೆಟ್ಟಗೆ ತೇಲುತ್ತದೆ. ಹಾಲಿಗೆ ನೀರು ಬೆರೆತಿದ್ದರೆ ಕೆಳಗಿಳಿಯುತ್ತದೆ. ಮೊದಲ ವಾರವೇ ವಿಠೂನ ಹಾಲಿನಲ್ಲಿ ಕೊಳವೆ ಕೆಳಗಿಳಿಯಿತು. ಮರುದಿನವೂ ಇಳಿಯಿತು. ಮೂರನೆಯ ದಿನ ಗುತ್ತಿಗೆದಾರ ಕೊಡವನ್ನೆತ್ತಿ ಹಾಲನ್ನೆಲ್ಲ ಅವನ ತಲೆಯ ಮೇಲೆಯೇ ಸುರಿದ. ಸಾಲಿಗೆ ಹೊರಟಿದ್ದ ನಾವೆಲ್ಲ ಅಲ್ಲಿದ್ದೆವು. ಹಾಲು ಅವನ ಮೀಸೆಯಿಂದ, ಹೆಗಲ ಮೇಲಿನ ಕಂಬಳಿಯಿಂದ ಸೋರುತ್ತಿತ್ತು. ನಾಯಿಗಳು ಬಂದು ಅವನ ಕಾಲ ಬಳಿ ನೆಕ್ಕತೊಡಗಿದವು. ಮಂದಿ ನಕ್ಕರು. ನಾನೂ ನಕ್ಕೆ, ಆಮೇಲೆ ಪಕ್ಕದಲ್ಲಿ ಭಾಗೂ ನಿಂತದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ವಿಠೂ ಕೈಯಿಂದ ಮುಖ ಒರೆಸಿಕೊಂಡು, ನೀರು ಹಾಕಿಲ್ಲ ಸಾಹೇಬ, ಎಮ್ಮೆಯ ಆಣೆ ಎನ್ನುತ್ತಿದ್ದ. ಭಾಗೂಳ ಕಣ್ಣು ಮಾತ್ರ ಆ ಗಾಜಿನ ಕೊಳವೆಯ ಮೇಲಿತ್ತು.

ಆಮೇಲೆ ಹದಿನೈದು ದಿನ ಭಾಗೂ ನನ್ನೊಂದಿಗೆ ಆಟಕ್ಕೆ ಬರಲಿಲ್ಲ. ಬೆರಳು ಗಾತ್ರದ ಬಿದಿರಿನ ಕೊಳವೆಯ ತುದಿಗೆ ಜೇನುಮೇಣ ಮೆತ್ತಿ, ಒಳಗೆ ಸೈಕಲ್ ಅಂಗಡಿಯಿಂದ ಬೇಡಿ ತಂದ ಕಬ್ಬಿಣದ ಗುಂಡು ಹಾಕಿ, ಅದು ನೆಟ್ಟಗೆ ತೇಲುವ ಹಾಗೆ ಮಾಡಿದಳು. ಚಾಕುವಿನಿಂದ ಗೆರೆ ಕೊರೆದಳು. ತಾನೇ ಕರೆದ ಹಾಲಿನಲ್ಲಿ ಹೊತ್ತುಹೊತ್ತಿಗೆ ಬಿಟ್ಟು ನೋಡಿದಳು. ಆಗ ತಿಳಿಯಿತು: ಕರೆದ ಕೂಡಲೇ ಬಿಟ್ಟರೆ ಕೊಳವೆ ಮುಳುಗುತ್ತದೆ, ಅದೇ ಹಾಲು ಆರಿದ ಮೇಲೆ ಬಿಟ್ಟರೆ ಮೇಲೇಳುತ್ತದೆ. ಊರಿಗೆ ಎಲ್ಲರಿಗಿಂತ ಹತ್ತಿರವಿದ್ದದ್ದು ಅವರ ವಾಡೆ. ದೂರದ ಗೌಳಿಗಳ ಹಾಲು ದಾರಿಯಲ್ಲೇ ಆರುತ್ತಿತ್ತು. ವಿಠೂ ಮಾತ್ರ ಬಿಸಿಬಿಸಿ ಹಾಲೆಂದರೆ ಜನಕ್ಕೆ ಇಷ್ಟವೆಂದು ಕೊಡಕ್ಕೆ ಕಂಬಳಿ ಸುತ್ತಿಕೊಂಡು ಓಡೋಡಿ ಬರುತ್ತಿದ್ದ. ಅವನ ಒಳ್ಳೆಯತನವೇ ಅವನನ್ನು ಕಳ್ಳನನ್ನಾಗಿ ಮಾಡಿತ್ತು.

ಹದಿನಾಲ್ಕು ವರ್ಷದ ಹುಡುಗಿ, ಯಾರೂ ಹೇಳಿಕೊಡದೆ, ಪುಸ್ತಕದ ಒಂದು ಸಾಲಿನ ಆಸರೆಯೂ ಇಲ್ಲದೆ ಇದನ್ನು ಕಂಡುಕೊಂಡಿದ್ದಳು. ನಾನು ಮುಂದೆ ಬದುಕಿಡೀ ಭೌತಶಾಸ್ತ್ರ ಕಲಿಸಿದೆ. ಅಂಥದೊಂದನ್ನು ನಾನಾಗಿ ಕಂಡದ್ದಿಲ್ಲ.

ವಿಜ್ಞಾನ ಕಲಿಸುವ ದೇಸಾಯಿ ಮಾಸ್ತರರು ಆ ಬಿದಿರನ್ನು ಬೆಳಕಿಗೆ ಹಿಡಿದು ಗೆರೆಗಳನ್ನು ಒಂದೊಂದಾಗಿ ಎಣಿಸಿದರು. ಬೆಳಗಾವಿಯಲ್ಲಿ ಜಿಲ್ಲೆಯ ಸಾಲಿಗಳ ವಿಜ್ಞಾನ ಪ್ರದರ್ಶನವಿತ್ತು. ಗೆದ್ದವರಿಗೆ ಮೇ ತಿಂಗಳಲ್ಲಿ ಅಲ್ಲಿನ ಕಾಲೇಜಿನ ಪ್ರಯೋಗಾಲಯದಲ್ಲಿ ಎರಡು ವಾರದ ಶಿಬಿರ. ಮಾಸ್ತರರು ಭಾಗೂಳ ಹೆಸರು ಬರೆದು ಹೆಡ್‌ಮಾಸ್ತರರ ಮುಂದಿಟ್ಟರು. ಹೆಡ್‌ಮಾಸ್ತರರು ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದರು. ದೊಡ್ಡ ಸಾಹೇಬರು ಬರುತ್ತಾರೆ, ಸಾಲಿಯ ಮರ್ಯಾದೆ ನೋಡಬೇಕು, ಆ ಹುಡುಗಿಗೆ ನಾಲ್ಕು ಮಂದಿಯೆದುರು ನೆಟ್ಟಗೆ ಕನ್ನಡ ಬರುವುದಿಲ್ಲ, ಬೇಕಾದರೆ ಹಾಲು ಹೊತ್ತುಕೊಂಡು ಬರಲಿ ಎಂದರಂತೆ. ಮಾಸ್ತರರು ನೆಲ ನೋಡುತ್ತ ನನಗಿದನ್ನು ಹೇಳಿದರು. ನಾನು ಒಲ್ಲೆ ಅನ್ನಬಹುದಿತ್ತು. ಬೆಳಗಾವಿ, ಪೇಟೆಯ ಸಿಹಿ ಕುಂದಾ, ಹೊಸ ಲಂಗ ನನ್ನ ಕಣ್ಣ ಮುಂದೆ ಬಂದವು.

ಭಾಗೂ ಜಗಳ ಮಾಡಲಿಲ್ಲ. ಎಂಟು ದಿನ ಸಾಲಿಯ ಕಟ್ಟೆಯ ಮೇಲೆ ಕೂರಿಸಿ ನನಗೆಲ್ಲ ಕಲಿಸಿದಳು. ಕೊನೆಯ ದಿನ ಒಂದೇ ಮಾತು ಕೇಳಿದಳು.

"ಬೆಚ್ಚಗಿನ ಹಾಲಿನ ಸುದ್ದಿ ಮಾತ್ರ ಬಿಡಬ್ಯಾಡ. ಅದನ್ನ ಸಾಹೇಬ್ರ ಕಡಿಂದ ಒಂದು ಚೀಟಿ ಮ್ಯಾಲ ಬರಸ್ಕೊಂಡ ಬಾ. ಈಗ ಆರಿಸಿ ಒಯ್ದರೂ ಗುತ್ತಿಗಿದಾರ ನಮ್ಮ ಹಾಲು ಮುಟ್ಟವಲ್ಲ. ನಮ್ಮಪ್ಪ ಅವಂಗ ಚೀಟಿ ತೋರಸ್ತಾನ."

ಬರೆಸಿಕೊಂಡು ಬರುತ್ತೇನೆಂದು ನಾನು ಮಾತು ಕೊಟ್ಟೆ.

ಹೆಡ್‌ಮಾಸ್ತರರು, ದೇಸಾಯಿ ಮಾಸ್ತರರು, ನಾವಿಬ್ಬರು ಮುಂಜಾನೆಯ ಪ್ಯಾಸೆಂಜರಿನಲ್ಲಿ ಹೋದೆವು. ಕಿಟಕಿಯಲ್ಲಿ ಕಲ್ಲಿದ್ದಲಿನ ಕರಿ ಹಾರಿ ಬರುತ್ತಿತ್ತು. ಹಾಲಿನ ಕೊಡ ತುಳುಕದಂತೆ ಭಾಗೂ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪ್ರದರ್ಶನದ ಹಾಲ್‌ನಲ್ಲಿ ನಾನು ಮೇಜಿನ ಮುಂದೆ, ಆಕೆ ಹಿಂದೆ ನೆಲದ ಮೇಲೆ, ಕೊಡದ ಪಕ್ಕ. ಪರೀಕ್ಷಕರು ಕಾಲೇಜಿನ ಪ್ರೊಫೆಸರು, ವಯಸ್ಸಾದವರು, ಮೆತ್ತಗಿನ ಮಾತು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ಅವರು ಬಿದಿರನ್ನು ಕೈಯಲ್ಲಿ ಹಿಡಿದು, ಹೊರಳಿಸಿ ನೋಡಿ, ಒಂದು ಪ್ರಶ್ನೆ ಹಾಕಿದರು.

"ಎಲ್ಲಾ ಛಲೋ ಹೇಳಿದಿ ನೋಡವ್ವಾ. ಇದು ಯಾವಾಗ ಸುಳ್ಳು ಹೇಳತೈತಿ?"

ಆ ಪ್ರಶ್ನೆಯನ್ನು ಆ ರೀತಿಯಲ್ಲಿ ನಾನು ಕೇಳಿರಲಿಲ್ಲ. ಎಂಟು ದಿನ ಕಲಿತದ್ದೆಲ್ಲ ಆರಿಹೋಯಿತು. ಹಿಂದಿನಿಂದ, ನೆಲದ ಮಟ್ಟದಿಂದ ದನಿ ಬಂತು.

"ಹಾಲು ಬೆಚ್ಚಗಿದ್ದಾಗ್ರಿ."

ಪ್ರೊಫೆಸರು ಬಗ್ಗಿ ಮೇಜಿನಾಚೆ ನೋಡಿದರು. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಈಕಿ ಯಾರು, ಈಕಿಗೆ ಇದು ಹೆಂಗ ಗೊತ್ತು ಎಂದು ಕೇಳಿದರು. ಮಾಸ್ತರರು ಬಾಯಿ ತೆರೆದರು, ಪಕ್ಕದಲ್ಲಿದ್ದ ಹೆಡ್‌ಮಾಸ್ತರರನ್ನು ನೋಡಿ ಮುಚ್ಚಿಕೊಂಡರು. ಉತ್ತರ ಕೊಟ್ಟವಳು ನಾನು.

"ಹಾಲು ಹೊತ್ತು ತಂದಾಕ್ರಿ ಸರ್. ನಾ ಹೇಳಿಕೊಟ್ಟಿದ್ದನ್ನ ಕೇಳ್ಯಾಳ."

ಯಾರೂ ನನ್ನಿಂದ ಆ ಮಾತು ಹೇಳಿಸಲಿಲ್ಲ. ಹೆಡ್‌ಮಾಸ್ತರರೂ ಹೇಳಿಸಲಿಲ್ಲ. ಅವರು ನಗುತ್ತ, ಹಾಲು ಮಾರುವವರ ಕೈಗೆ ಹಾಲಿನ ಪರೀಕ್ಷೆ ಕೊಟ್ಟರೆ ಮುಗಿಯಿತಲ್ಲ ಎಂದರು, ಸುತ್ತಲಿನವರೂ ನಕ್ಕರು. ಪ್ರೊಫೆಸರು ನನ್ನ ಕಡೆ ತಿರುಗಿ, ಹಾಗಾದರೆ ಯಾಕೆ ಹಾಗಾಗುತ್ತದೆ ಹೇಳು ಎಂದರು. ಈಗ ನನಗೆ ಎಲ್ಲ ನೆನಪಾಗಿತ್ತು. ಬೆಚ್ಚಗಿನ ಹಾಲು ಹಗುರ, ಅದು ಕೊಳವೆಯನ್ನು ಎತ್ತಿ ಹಿಡಿಯಲಾರದು ಎಂದು ಭಾಗೂಳ ಮಾತುಗಳನ್ನೇ ಒಂದೂ ಬಿಡದೆ ಹೇಳಿದೆ. ಅವರು ಪಟ್ಟಿಯಲ್ಲಿ ಬರೆದುಕೊಂಡರು. ಚೀಟಿ ಕೇಳಲಿಲ್ಲ ನಾನು. ಕೇಳಿದ್ದರೆ ಅದು ಯಾರಪ್ಪನಿಗಾಗಿ ಎಂದು ಹೇಳಬೇಕಾಗುತ್ತಿತ್ತು.

ಬಹುಮಾನ ಬಂತು. ತಿರುಗಿ ಬರುವಾಗ ಗಾಡಿ ದೇಸೂರು ದಾಟಿದ ಮೇಲೆ ಭಾಗೂ ಮೆಲ್ಲಗೆ ಕೇಳಿದಳು.

"ಚೀಟಿ?"

"ಕೊಡಲಿಲ್ಲ ಅವ್ರು," ಅಂದೆ.

ಆಕೆ ತಲೆಯಾಡಿಸಿದಳು. ಗಂಟು ಬಿಚ್ಚಿ, ನಾಚಣಿ ರೊಟ್ಟಿಯನ್ನು ಎರಡು ಹೋಳು ಮಾಡಿ ದೊಡ್ಡದನ್ನು ನನಗೆ ಕೊಟ್ಟಳು. ನಾನು ತಿಂದೆ. ಬೆಳ್ಳುಳ್ಳಿ ಚಟ್ನಿ ಹಚ್ಚಿದ್ದಳು, ಖಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು. ಅದನ್ನು ಅಳುವೆಂದು ತಿಳಿದು ಆಕೆ ನನ್ನ ಬೆನ್ನು ಸವರಿದಳು.

ಮೇ ತಿಂಗಳಲ್ಲಿ ಶಿಬಿರಕ್ಕೆ ಹೋದೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಪೊರೆ ನೋಡಿದೆ. ಲಿಟ್ಮಸ್ ಕೆಂಪಾಗುವುದನ್ನು ನೋಡಿದೆ. ಒಂದು ಮೂಲೆಯಲ್ಲಿ ಹಾಲಿನ ಕೊಳವೆಯೂ ಇತ್ತು, ಗುತ್ತಿಗೆದಾರನಲ್ಲಿ ಇದ್ದಂಥದೇ. ಪಕ್ಕದ ಗೋಡೆಗೆ ಇಂಗ್ಲಿಷಿನ ಒಂದು ಪಟ್ಟಿ ಅಂಟಿಸಿದ್ದರು: ಹಾಲು ಎಷ್ಟು ಬಿಸಿ ಇದ್ದರೆ ಎಷ್ಟು ತಿದ್ದಿಕೊಂಡು ಓದಬೇಕು ಎಂದು. ಭಾಗೂ ಕಾಡಿನಂಚಿನಲ್ಲಿ ಕೂತು ಕಂಡುಕೊಂಡದ್ದು ಇಲ್ಲಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು. ಅದನ್ನು ನಕಲು ಮಾಡಿಕೊಳ್ಳಲು ಐದು ನಿಮಿಷ ಸಾಕಾಗುತ್ತಿತ್ತು. ನನ್ನ ವಹಿಯಲ್ಲಿ ಹಾಳೆ ಇತ್ತು, ಪೆನ್ನು ಇತ್ತು. ಹದಿನಾಲ್ಕು ದಿನ ಆ ಗೋಡೆಯ ಮುಂದೆ ಹಾಯ್ದೆ.

ನಾನು ಊರಿಗೆ ಮರಳುವಷ್ಟರಲ್ಲಿ ವಿಠೂನ ಹಾಲನ್ನು ಕೊಳ್ಳುವವರು ಯಾರೂ ಉಳಿದಿರಲಿಲ್ಲ. ನೀರು ಹಾಕುವ ವಿಠೂ ಎಂದೇ ಅವನ ಹೆಸರಾಗಿತ್ತು. ಎಮ್ಮೆ ಮಾರಿ, ಲೋಂಡಾದ ಕಡೆ ಕಟ್ಟಿಗೆ ಕಡಿಯಲು ಹೋದ. ಭಾಗೂಳನ್ನು ಸಾಲಿ ಬಿಡಿಸಿ ಊರಾಚೆಯ ಹಂಚಿನ ಕಾರ್ಖಾನೆಗೆ ಮಣ್ಣು ಹೊರಲು ಹಾಕಿದರು. ಹತ್ತನೆಯ ಇಯತ್ತೆಗೆ ನಾನು ದಿನಾ ಹೋಗುವ ದಾರಿಯಲ್ಲೇ ಆಕೆ ಕೆಂಪು ಮಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಮೊದಲ ದಿನ ಆಕೆ ನಕ್ಕಳು. ನಾನು ರಸ್ತೆಯ ಆಚೆ ಬದಿಗೆ ಹೋದೆ. ಆ ವರ್ಷವೆಲ್ಲ ಆಚೆ ಬದಿಯಲ್ಲೇ ನಡೆದೆ.

ಈಗ ನಿವೃತ್ತಳಾಗಿ ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದೇನೆ. ಖಾನಾಪುರದ ಸಾಲಿಗಳಿಗೆ ವಿಜ್ಞಾನದ ಸಾಮಾನು ತುಂಬಿಕೊಂಡು ವ್ಯಾನು ಹೋಗುತ್ತದೆ. ಹಳ್ಳಿಯ ಹುಡುಗಿಯರು ಪಾಸು ತೋರಿಸಿ ಬಸ್ಸು ಹತ್ತಿ ಬೆಳಗಾವಿಯ ಕಾಲೇಜುಗಳಿಗೆ ಬರುತ್ತಾರೆ. ಪ್ರದರ್ಶನಗಳಿಗೆ ನನ್ನನ್ನೂ ಪರೀಕ್ಷಕಳಾಗಿ ಕರೆಯುತ್ತಾರೆ. ಹೋದಲ್ಲೆಲ್ಲ ಮೇಜಿನ ಹಿಂದೆ ಬಗ್ಗಿ ನೋಡುತ್ತೇನೆ. ನೋಡಿ ಏನು ಬಂತು? ಹೋದದ್ದು ಹೋಯಿತು.

ಎರಡು ವರ್ಷದ ಹಿಂದೆ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಭಾಗೂ. ಬೆನ್ನು ಬಾಗಿತ್ತು, ಹಲ್ಲು ಹೋಗಿದ್ದವು. ಜೊತೆಗೆ ಮೊಮ್ಮಗಳು, ಹೈಸ್ಕೂಲಿನ ಯೂನಿಫಾರ್ಮಿನಲ್ಲಿ. ನಾನು ಎಷ್ಟೋ ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತನ್ನು ತೆಗೆಯುವ ಮೊದಲೇ ಆಕೆ ಹುಡುಗಿಗೆ ನನ್ನನ್ನು ತೋರಿಸಿದಳು.

"ನೋಡ, ಈಕೀನ. ಹಾಲು ಆರಿದ ಮ್ಯಾಲ ಅಳೀಬೇಕಂತ ನನಗ ಸಾಲ್ಯಾಗ ಕಲಿಸಿದಾಕಿ. ಭಾಳ ಶಾಣ್ಯಾಕಿ."

ಇಲ್ಲ ಭಾಗೂ, ಅದು ನಿನ್ನದು, ನೀನೇ ನನಗೆ ಕಲಿಸಿದ್ದು ಎಂದೆ. ಬಿದಿರು, ಜೇನುಮೇಣ, ಪ್ರೊಫೆಸರರ ಪ್ರಶ್ನೆ, ನನ್ನ ಉತ್ತರ, ಎಲ್ಲ ಹೇಳಿದೆ. ಆಕೆಯ ಮುಖದಲ್ಲಿ ಸಿಟ್ಟಿಗಾಗಿ ಹುಡುಕಿದೆ. ಇರಲಿಲ್ಲ. ದೊಡ್ಡವರು ತಮಾಷೆ ಮಾಡುತ್ತಿದ್ದಾರೆಂಬಂತೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು.

"ಏ, ಮಣ್ಣು ಹೊತ್ತಾಕಿ ನಾ. ನನಗೆಲ್ಲಿದು ಅಷ್ಟು ತಲಿ?"

ಬಸ್ಸು ಬಂತು, ಅವರಿಬ್ಬರೂ ಹತ್ತಿದರು. ಮೊಮ್ಮಗಳು ಕಿಟಕಿಯಿಂದ ನನಗೆ ಕೈ ಮುಗಿದಳು. ಹಾಲಿನ ಗುಟ್ಟು ಕಂಡ ಆ ತಲೆ ಭಾಗೂಳದಾಗಿತ್ತೆಂದು ಬಲ್ಲವಳು ಈಗ ನಾನೊಬ್ಬಳೇ. ಭಾಗೂಳಿಗೂ ಅದು ಗೊತ್ತಿಲ್ಲ.