ಅಡಿಗಲ್ಲಿಗೆ ಬಳಿದ ಬಣ್ಣ

ಹೊನ್ನಾವರ ಪೇಟೆಯ ನಡುವಿರುವ ಹಳೆಯ ಮೆಥೊಡಿಸ್ಟ್ ಪ್ರಾರ್ಥನಾಲಯವನ್ನು ಯಾವಾಗ ಕಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ಲ. ನನಗೆ ಮಾತ್ರ ಗೊತ್ತಾಗಲೇಬೇಕಿತ್ತು. ನಾನು ಇತಿಹಾಸವನ್ನು ಕಾಲೇಜಿನಲ್ಲಿ ಓದಿದವನಲ್ಲ; ಹಳೆಯ ಗೋಡೆ ಕಂಡರೆ ಸುಮ್ಮನಿರಲಾಗದವನು, ಅಷ್ಟೇ. ದಾಖಲೆ ಪುಸ್ತಕಗಳನ್ನು ಎಂದೋ ಗೆದ್ದಲು ತಿಂದಿತ್ತು. ಇಸವಿ ಉಳಿದಿದ್ದರೆ ಬಾಗಿಲ ಪಕ್ಕದ ಅಡಿಗಲ್ಲಿನ ಮೇಲೆ ಮಾತ್ರ. ಆದರೆ ಪ್ರತಿ ಕ್ರಿಸ್‌ಮಸ್‌ಗೆ ಸಭೆಯವರೇ ಸೇರಿ ಗೋಡೆಗೆ ಸುಣ್ಣ ಬಳಿಯುತ್ತಾರೆ, ಆ ಕಲ್ಲನ್ನೂ ಬಿಡುವುದಿಲ್ಲ. ಕೆತ್ತಿದ ಅಕ್ಷರಗಳೆಲ್ಲ ಸುಣ್ಣದೊಳಗೆ ಹೂತುಹೋಗಿದ್ದವು. ಸುಣ್ಣ ಕೆರೆದು ಓದಿ, ಫೋಟೋ ತೆಗೆದುಕೊಳ್ಳುತ್ತೇನೆ ಎಂದು, ಬೀಗದ ಕೈ ಇಟ್ಟುಕೊಂಡಿರುವ ಹಿರಿಯ ಹೆಂಗಸನ್ನು ಮೂರು ತಿಂಗಳು ಕಾಡಿದೆ. ಕೊನೆಗೆ, "ಆತು ಮಾರಾಯ, ಶನಿವಾರ ಬಾ" ಅಂದರು.

ಶನಿವಾರ ಬ್ರಷ್ಷು, ನೀರು, ಕಾಗದ, ಕ್ಯಾಮೆರಾ ಹಿಡಿದು ಓಡಿದೆ. ಕಲ್ಲು ಹೊಸ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಒಂದಕ್ಷರವೂ ಇಲ್ಲ!

"ಎಂತ ಮಾಡಿದ್ರಿ ಅಮ್ಮಾ ಇದು?"

"ನೀ ಫೋಟೋ ತೆಗಿತೆ ಅಂದಿದ್ಯಲ್ಲ ತಮಾ. ಸುಣ್ಣ ಕೆರೆಸಿದ್ರೆ ಕಲ್ಲೆಲ್ಲ ಗುಂಡಿ ಗುಂಡಿ. ಗಾರೆಯವನಿಗೆ ಹೇಳಿ ಸಿಮೆಂಟ್ ತುಂಬ್ಸಿ, ಪೇಂಟ್ ಹೊಡೆಸಿದೆ. ಈಗ ಚೊಲೋ ಕಾಣ್ತದಲ್ಲ?"

"ಆ ಗುಂಡಿಗಳೇ ಅಕ್ಷರ ಅಮ್ಮಾ! ತುಂಬ್ಸೂಕಿಂತ ಮೊದ್ಲು ಓದ್ಲಿಲ್ವಾ?"

"ಓದೂಕೆ ಹೋದೆ. ಕನ್ನಡಕ ಮನೇಲಿತ್ತು. ಗಾರೆಯವನಿಗೆ ಊಟಕ್ಕೆ ಹೊತ್ತಾಗಿತ್ತು."

ನಾನು ಮೆಟ್ಟಿಲ ಮೇಲೆ ಕೂತೆ. ನೋಟ್‌ಬುಕ್ಕಿನಲ್ಲಿ 'ಇಸವಿ: ಸಿಮೆಂಟಿನ ಅಡಿಯಲ್ಲಿ' ಎಂದು ಬರೆದೆ. ತಲೆ ಎತ್ತಿದರೆ ಅವರು ಸೆರಗು ಸರಿಮಾಡಿಕೊಂಡು ಕಲ್ಲಿನ ಪಕ್ಕ ನೆಟ್ಟಗೆ ನಿಂತಿದ್ದರು.

"ತೆಗಿ ಮತ್ತೆ. ಬಿಸಿಲು ಮುಖಕ್ಕೆ ಬತ್ತದೆ."

ತೆಗೆದೆ. ಬೇರೆ ಎಂತ ಮಾಡುವುದು?