ಟೆಸ್ಟರ್ ಹತ್ತಲಿಲ್ಲ

ಜಗಳೂರಿನ ನಮ್ಮ ಬೀದಿಗೆ ನಲ್ಲಿ ನೀರು ಬಂತೆಂದರೆ ಮನೆಮನೆಯ ಸಣ್ಣ ಮೋಟರು ಹೊರಗೆ ಬರುತ್ತದೆ. ಅವತ್ತು ನಾನೂ ನಮ್ಮ ಮೋಟರನ್ನು ಪೈಪಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ನೀರು ಏರಲಿಲ್ಲ. ತುಸು ಸರಿಸೋಣವೆಂದು ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೋಟರನ್ನು ಮುಟ್ಟಿದೆ.

ಕೈ ಬಿಡಲಿಲ್ಲ.

ನಾನು ಅದನ್ನು ಹಿಡಿದಿದ್ದೆನೋ, ಅದು ನನ್ನನ್ನು ಹಿಡಿದಿತ್ತೋ, ಈಗಲೂ ಗೊತ್ತಿಲ್ಲ. ಜೋರಾಗಿ ಕೂಗಿದೆ ಅಂದುಕೊಂಡಿದ್ದೆ, ಸದ್ದೇ ಬರಲಿಲ್ಲವಂತೆ. ಅತ್ತೆ ಕಂಡು, ಒಳಗೋಡಿ ಸ್ವಿಚ್ ಆರಿಸಿದರು. ಎಚ್ಚರವಾದಾಗ ಅಂಗಳದ ಮಣ್ಣಿನ ಮೇಲೆ ಬಿದ್ದಿದ್ದೆ. ಅತ್ತೆ ನನ್ನ ಅಂಗಾಲಿಗೆ ಮಣ್ಣು ತಿಕ್ಕುತ್ತ, "ಇಳೀಲಿ, ಎಲ್ಲಾ ಮಣ್ಣಿಗೆ ಇಳೀಲಿ" ಎಂದು ಅಳುತ್ತಿದ್ದರು. ಏನು ಇಳಿಯಬೇಕು, ಎಲ್ಲಿಂದ? ತಿಳಿಯಲಿಲ್ಲ. ನನ್ನ ಗಂಡ ಓಡಿ ಬಂದು, "ಸಾಕು ಬಿಡವ್ವ, ಮೊದ್ಲು ಆಸ್ಪತ್ರೆಗೆ ಹೋಗಾನ" ಎಂದು ಆಟೋ ಹತ್ತಿಸಿದರು.

ಇಸಿಜಿ ಮಾಡಿದರು. ಹಾರ್ಟ್ ಬೀಟ್ ಏರುಪೇರಾಗಿದೆ ಎಂದು ಅಡ್ಮಿಟ್ ಮಾಡಿಕೊಂಡರು. ಸುಟ್ಟ ಅಂಗೈಗೆ ಬ್ಯಾಂಡೇಜ್ ಕಟ್ಟಿದರು. ಗಂಡನ ಹೆಸರು ಕೇಳಿದರೆ ಊರಿನ ಹೆಸರು ಹೇಳಿದೆನಂತೆ. ನೆನಪಿದ್ದದ್ದು ಮನೆಯಲ್ಲಿದ್ದ ಹಾಲು ಕುಡಿಯುವ ಕೂಸು ಮಾತ್ರ. ಎದೆ ಬಿಗಿದು ರವಿಕೆ ತೊಯ್ದಿತ್ತು.

ಕೂಸನ್ನು ತನ್ನಿ ಎಂದೆ. ಅತ್ತೆ ತರಲಿಲ್ಲ.

"ಕರೆಂಟ್ ಹೊಡ್ದ ಹಾಲು ಕೂಸಿಗೆ ಬ್ಯಾಡ ಕಣವ್ವ. ಡಬ್ಬಿ ಹಾಲು ಕುಡೀತೈತೆ."

ಡಾಕ್ಟರ್ ನಕ್ಕರು. "ಕರೆಂಟು ಮೈಯಲ್ಲಿ ಉಳಿಯಲ್ಲಮ್ಮ. ನರಕ್ಕೆ ಪೆಟ್ಟಾಗಿದೆ, ಅದಕ್ಕೇ ಕೈ ಜುಮ್ ಅನ್ನುತ್ತೆ. ಹಾಲು ಕುಡಿಸಿ."

ತಲೆಯಾಡಿಸಿದೆ. ಆದರೆ ಉಳಿದಿಲ್ಲವಾದರೆ ಬೆರಳ ತುದಿಯಲ್ಲಿ ಓಡಾಡುತ್ತಿರುವುದೇನು? ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅತ್ತೆ ತಡೆಯುವ ಅಗತ್ಯವೇ ಬೀಳಲಿಲ್ಲ. ಕೂಸು ಅತ್ತರೆ ನಾನೇ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ದೂರ ಕೂರುತ್ತಿದ್ದೆ. ಹಾಲನ್ನು ಬಚ್ಚಲಿಗೆ ಹಿಂಡಿ ಚೆಲ್ಲುವಾಗ ನನಗೂ ಅಳು ಬರುತ್ತಿತ್ತು.

ಮೋಟರಿನ ಪ್ಲಗ್ಗಿಗೆ ಮೂರು ಕಡ್ಡಿ. ನಮ್ಮ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೇ ತೂತು. ಹೊಂದಲಿ ಎಂದು ಮೇಲಿನ ದಪ್ಪ ಕಡ್ಡಿಯನ್ನು ನನ್ನ ಗಂಡ ಕತ್ತರಿಸಿದ್ದರು. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅದು ಅರ್ಥಿಂಗಿನ ಕಡ್ಡಿ, ಮೋಟರಿನ ಮೈಗೆ ಕರೆಂಟು ಬಂದರೆ ಭೂಮಿಗೆ ಹೋಗುವ ದಾರಿ. ಆ ದಾರಿ ಇಲ್ಲದ್ದಕ್ಕೆ ಕರೆಂಟು ನನ್ನ ಮೈ ಹಾದು ಹೋಗಿತ್ತು. ಇದು ಗೊತ್ತಾದ ಮೇಲೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಹೊಸ ಪ್ಲಗ್ಗು, ಹೊಸ ಸಾಕೆಟ್ಟು, ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಎಲ್ಲ ಹಾಕಿಸಿದರು. ಒಂದೊಂದನ್ನೂ ಕರೆಂಟಿದ್ದರೆ ದೀಪ ಹತ್ತುವ ಟೆಸ್ಟರ್ ಹಿಡಿದು ನೋಡುತ್ತಿದ್ದರು.

"ರೀ, ಅದನ್ನ ನಂಗೂ ಮುಟ್ಟಿಸ್ರಿ" ಎಂದೆ.

ನಗಲು ಹೋದವರು ನನ್ನ ಮುಖ ನೋಡಿ ಹತ್ತಿರ ಬಂದರು. ಬೆರಳಿಗೆ ಮುಟ್ಟಿಸಿದರು. ಹತ್ತಲಿಲ್ಲ.

"ಅದೇ ಕೆಟ್ಟೈತೇನೋ ನೋಡಪ್ಪ" ಎಂದರು ಅತ್ತೆ.

ಸಾಕೆಟ್ಟಿಗೆ ಇಟ್ಟರು. ಕೆಂಪಗೆ ಹತ್ತಿತು. ಮತ್ತೆ ನನ್ನ ಬೆರಳಿಗೆ, ಮಣಿಕಟ್ಟಿಗೆ, ಕೊರಳಿಗೆ. ಹತ್ತಲಿಲ್ಲ. ಅತ್ತೆ ಎದ್ದು ಬಂದು ಮೊದಲು ತಾವೇ ನನ್ನ ಕೈ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಕೂಸನ್ನು ತಂದು ಮಡಿಲಿಗೆ ಹಾಕಿದರು. ಅದು ನನ್ನನ್ನು ಹೊಸಬಳಂತೆ ದಿಟ್ಟಿಸಿ, ಬಾಯಿ ಹಾಕಿತು.

ಬೆರಳು ಇನ್ನೂ ಜುಮ್ಮೆನ್ನುತ್ತದೆ. ಯಾಕೆಂಬುದು ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಹಾಲು ಕುಡಿಸಲು ಕೂತಾಗಲೆಲ್ಲ ಅತ್ತೆಯ ಕಣ್ಣು ಟೆಸ್ಟರನ್ನು ಹುಡುಕುತ್ತದೆ. ಹುಡುಕಲಿ. ಕೂಸು ನನ್ನ ಮಡಿಲಲ್ಲಿದೆ.