ಮಾಸ್ತರು ಬರೆದುಕೊಟ್ಟ ಎರಡು ಸಾಕ್ಷಿ

ಅವತ್ತು ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದೆವು. ನಾನು, ಮೂರು ಮನೆ ಆಚೆ ವಾಸವಿರುವ, ಸರ್ಕಾರಿ ಶಾಲೆಯ ಹೆಡ್‌ಮಾಸ್ತರು, ಅವರ ಹೆಂಡತಿ, ಮತ್ತೆ ಎದುರುಮನೆಯ ಆಯಿ. ಆಯಿ ಕುರಿ ಸಾಕುವವರ ಮನೆಯ ಹಿರಿಯಳು. ತನ್ನ ವಯಸ್ಸು ಆಕೆಗೇ ಗೊತ್ತಿಲ್ಲ, ಆದರೆ ಓಣಿಯಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ಮೊದಲು ಗೊತ್ತಾಗುವುದು ಆಕೆಗೇ. ಮಾತಾಡುವಾಗಲೂ ಕೈಯಲ್ಲಿ ಉಣ್ಣೆಯ ಕದಿರು ತಿರುಗುತ್ತಲೇ ಇರುತ್ತದೆ. ನಮ್ಮೆಲ್ಲರ ನಡುವೆ, ಚಾಪೆಯ ಮೇಲೆ, ಇಂಗ್ಲೆಂಡಿನಿಂದ ಬಂದ ಕಂದು ಲಕೋಟೆ ಒಂದಿತ್ತು.

"ಏನಂತ ಬರದಾರ?" ಆಯಿ ಕೇಳಿದಳು.

"ನಾ ಇನ್ನೂ ಜೀವಂತ ಅದೀನಿ ಅಂತ ಯಾರರೆ ಸಾಕ್ಷಿ ಹೇಳಬೇಕಂತ, ಆಯಿ."

"ಅದಕ್ಕ ಕಾಗದ ಯಾಕ? ನನ್ನ ಕೇಳಂತ ಹೇಳು. ಇವತ್ತ ಮುಂಜಾನಿ ನಳದ ಕಡೆ ನನ್ನ ಕೂಡ ಜಗಳಾಡ್ಯಾಳ, ಸತ್ತಾಕಿ ಹಂಗ ಒದರಂಗಿಲ್ಲ ಅಂತ ಹೇಳ್ತೀನಿ."

ಸಂಗತಿ ಇಷ್ಟು. ಹುಟ್ಟಿದೂರು ಸುರಪುರವೇ ಆದರೂ ನಾನು ದುಡಿದದ್ದು ಬೇರೆ ಕಡೆ. ನರ್ಸಿಂಗ್ ಕಲಿತಿದ್ದೆ. ಗಂಡ ತೀರಿಕೊಂಡ ಮೇಲೆ ಇಂಗ್ಲೆಂಡಿಗೆ ಹೋಗಿ, ಸಮುದ್ರದ ದಂಡೆಯ ಒಂದು ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಇಪ್ಪತ್ತು ವರ್ಷದ ಮೇಲೆ ಮಾಡಿದೆ. ಸಂಬಳದಲ್ಲಿ ಅಲ್ಲಿಯ ಸರ್ಕಾರ ಒಂದಿಷ್ಟು ಮುರಿದುಕೊಳ್ಳುತ್ತಿತ್ತು. ಚೀಟಿ ನೋಡಿದಾಗಲೆಲ್ಲ ಗೊಣಗುತ್ತಿದ್ದೆ. ವಯಸ್ಸು ತುಂಬಿದ ಮೇಲೆ ಅದೇ ಪಿಂಚಣಿಯಾಗಿ ಬರತೊಡಗಿತು. ಊರಿಗೆ ಮರಳಿದ ಮೇಲೂ ಬಂತು. ಅವರ ಕಡತದಲ್ಲಿ ನಾನೀಗ ಪರದೇಶದಲ್ಲಿ ಇರುವ ಮುದುಕಿ. ಇಲ್ಲಿಗೆ ಬಂದವರಿಗೆ ಅದು ವರ್ಷವರ್ಷ ಏರುವುದಿಲ್ಲ ಅನ್ನುವುದೊಂದು ಕೊರತೆ. ಇರಲಿ, ಗೊಣಗುವುದು ಆವಾಗಲೇ ಮುಗಿದಿದೆ. ಕೂಡಿಟ್ಟದ್ದೆಲ್ಲ ಈ ಸಣ್ಣ ಮನೆ ಕೊಳ್ಳುವುದರಲ್ಲಿ ಖರ್ಚಾಗಿತ್ತು. ಜೋಳ, ಎಣ್ಣೆ, ಸಕ್ಕರೆ ಕಾಯಿಲೆಯ ಗುಳಿಗೆ, ಎಲ್ಲಾ ಆ ಪಿಂಚಣಿಯಿಂದಲೇ. ಅದು ನಿಂತರೆ ನಾನು ಮನೆ ಮಾರಿ ಮತ್ತೆ ಅಲ್ಲಿಗೇ ಹೋಗಿ, ಎಲ್ಲೋ ಒಂದು ಕೋಣೆ ಹಿಡಿದು ಇರಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ.

ಸಾಕ್ಷಿ ಹಾಕುವವರು ಮಾಸ್ತರೋ ಡಾಕ್ಟರೋ ಆಗಿರಬೇಕು, ಸಂಬಂಧಿಕರಾಗಿರಬಾರದು ಎಂದು ಕಾಗದದಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ನಮ್ಮ ಮಾಸ್ತರು, "ನಾನಿಲ್ಲೇನ್ರಿ ಅಕ್ಕಾ?" ಎಂದು ತಾವಾಗಿ ಬಂದಿದ್ದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು, ಶಾಲೆಯ ಮೊಹರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ಲಗ್ನಪತ್ರಿಕೆ ಬರೆಯಲು ಕೂತವರ ಹಾಗೆ ಮೊಣಕಾಲು ಮಡಚಿ, ಒಂದೊಂದೇ ಅಕ್ಷರ ತೀಡಿ ಬರೆದರು. "ಇವರು ನಿಮಗೆ ಹೇಗೆ ಪರಿಚಯ?" ಎಂಬ ಸಾಲಿನ ಮುಂದೆ ಇಂಗ್ಲಿಷಿನಲ್ಲಿ ದುಂಡಗೆ ಬರೆದದ್ದು ಇಷ್ಟು: "ನನ್ನ ಸ್ವಂತ ಅಕ್ಕ."

ನಾನು ಓದಿದೆ. ಓದಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಅಷ್ಟು ವರ್ಷ ಆ ದೇಶದ ಫಾರ್ಮು ತುಂಬಿದವಳು ನಾನು, ಸಣ್ಣಕ್ಷರವೂ ನನ್ನ ಕಣ್ಣ ಮುಂದೆಯೇ ಇತ್ತು. ಆದರೆ ಮಾಸ್ತರು ಎರಡು ವರ್ಷದ ಕೂಸಾಗಿದ್ದಾಗ ಸೊಂಟದ ಮೇಲೆ ಎತ್ತಿಕೊಂಡು ಓಣಿ ತುಂಬ ತಿರುಗಿದವಳೂ ನಾನೇ. ಆಗ ಅವರ ಮನೆ, ನನ್ನ ತವರುಮನೆ ಗೋಡೆಗೆ ಗೋಡೆ. ನಮ್ಮ ಕಡೆ ಹಾಗೆ ಬೆಳೆದವರನ್ನು ಯಾರಾದರೂ "ಪರಿಚಯದವರು" ಎಂದು ಬರೆದರೆ ಅದು ಮುಖಕ್ಕೆ ಹೊಡೆದ ಹಾಗೆ. ಅವರು ಬರೆದ ಆ ಮೂರು ಶಬ್ದ ನೋಡಿ ನನ್ನ ಕಣ್ಣು ಒದ್ದೆಯಾಯಿತು. ಸುಮ್ಮನೆ ಲಕೋಟೆ ಅಂಟಿಸಿ ಕಳಿಸಿಬಿಟ್ಟೆ.

ಎರಡು ತಿಂಗಳ ಮೇಲೆ ಶಹಾಪುರದ ಬ್ಯಾಂಕಿಗೆ ಹೋದಾಗ ಪಿಂಚಣಿ ಬಂದಿರಲಿಲ್ಲ. ವಾರದಲ್ಲಿ ಪತ್ರವೂ ಬಂತು: ಸಂಬಂಧಿಕರ ಸಾಕ್ಷಿ ನಡೆಯುವುದಿಲ್ಲ, ಪಿಂಚಣಿ ತಡೆಹಿಡಿದಿದ್ದೇವೆ. ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ ನಮ್ಮಲ್ಲಿ ಮಧ್ಯಾಹ್ನ ದಾಟಿರುತ್ತದೆ. ಅಲ್ಲಿಯವರೆಗೆ ಕಾದು ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು.

"ನಿಮ್ಮ ತಮ್ಮ ಸಾಕ್ಷಿ ಹಾಕುವಂತಿಲ್ಲಮ್ಮ."

"ಅವರು ನನ್ನ ತಮ್ಮ ಅಲ್ಲ."

"ನಿಮ್ಮನ್ನು ಸ್ವಂತ ಅಕ್ಕ ಅಂತ ಬರೆದಿದ್ದಾರಲ್ಲ?"

"ಅಕ್ಕ ಹೌದು."

"ನಿಮ್ಮಿಬ್ಬರ ತಾಯಿ ಒಬ್ಬರೇನಾ?"

"ಅಲ್ಲ."

"ತಂದೆ?"

"ಅಲ್ಲ. ಇಬ್ಬರ ಮನೆ ಒಂದೇ ಓಣಿಯಲ್ಲಿತ್ತು."

"ಅಷ್ಟಕ್ಕೇನಾ? ನಾನು ನನ್ನ ಪಕ್ಕದ ಮನೆಯವರ ಜೊತೆ ಇನ್ನೂ ಮಾತೇ ಆಡಿಲ್ಲ," ಎಂದಳು. ನಗಲಿಲ್ಲ, ಆದರೆ ಆಮೇಲೆ ಆಕೆಯ ದನಿ ಬದಲಾಯಿತು. ಏನು ಮಾಡಬೇಕೆಂದು ಎರಡೆರಡು ಸಲ ಬಿಡಿಸಿ ಹೇಳಿದಳು. ಹೊಸ ಫಾರ್ಮು ಕಳಿಸುತ್ತೇನೆ, ಅದರ ಜೊತೆಗೆ ಆ ಮಾಸ್ತರೇ ಒಂದು ಪತ್ರ ಬರೆದುಕೊಡಲಿ, ತಾವು ಸಂಬಂಧಿಕರಲ್ಲ ಎಂದು. ಇಲ್ಲದಿದ್ದರೆ ಮೊದಲು ಬರೆದದ್ದು ಸುಳ್ಳೋ ಈಗ ಬರೆದದ್ದು ಸುಳ್ಳೋ ಎಂಬ ಪ್ರಶ್ನೆ ಬರುತ್ತದೆ. ಗಡುವು ಮೀರಬಾರದು. ಆಕೆ ಯಾರೋ, ಹೇಗಿದ್ದಾಳೋ, ಆಕೆಯ ಹೊಟ್ಟೆ ತಣ್ಣಗಿರಲಿ.

ಫಾರ್ಮು ಬಂದ ದಿನ ಮಾಸ್ತರು ಶಾಲೆಯಿಂದ ನೇರ ನಮ್ಮ ಮನೆಗೆ ಬಂದರು, ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ಅವರ ಹೆಂಡತಿ ಹಿಂದೆಯೇ ಬಂದರು.

"ಊರ ಮಕ್ಕಳ ಪೇಪರ್ ತಿದ್ದಾವ್ರು ನೋಡ್ರಿ ಇವ್ರು," ಎಂದರು ಆಕೆ. "ಒಂದು ಸಾಲು ಬರ್ರಿ ಅಂದ್ರ ನಮ್ಮಕ್ಕನ ಪಿಂಚಣಿನೇ ನಿಲ್ಲಿಸಿ ಕುಂತಾರ."

ಮಾಸ್ತರು ನಗಲಿಲ್ಲ. "ಈಗ ಏನಂತ ಬರೀಲಿ ಅಕ್ಕಾ? ನೀವು ನನಗ ಏನೂ ಆಗಂಗಿಲ್ಲ ಅಂತ ಬರೀಲೇನು?"

"ಕಾಗದದಾಗ ಅಷ್ಟೇ ಬರಿಯಪ್ಪ."

"ನಮ್ಮವ್ವ ನಿಮ್ಮ ತೊಡಿ ಮ್ಯಾಲ ತಲಿ ಇಟ್ಟು ಹೋಗ್ಯಾಳ," ಎಂದವರೇ ಪೆನ್ನು ಮುಚ್ಚಿ, ಎದ್ದು ಹೋಗಿಬಿಟ್ಟರು.

ನಾನು ಊರಿಗೆ ಬಂದ ವರ್ಷ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಮೂರು ತಿಂಗಳು ಮೈ ಒರೆಸುವುದು, ಮಗ್ಗಲು ಬದಲಿಸುವುದು, ಗಂಜಿ ಕುಡಿಸುವುದು ನಾನೇ ಮಾಡಿದ್ದೆ. ಪರದೇಶದಲ್ಲಿ ಗುರುತಿಲ್ಲದ ಮುದುಕರಿಗೆ ಮಾಡಿ ಮಾಡಿ ಕೈಗೆ ಬಂದ ಕೆಲಸ. ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸುವುದನ್ನು ಆ ಮುದುಕರೇ ನನಗೆ ಕಲಿಸಿದ್ದು. ಅದು ನಮ್ಮ ಓಣಿಯ ಹಿರಿಯಳಿಗೆ ಉಪಯೋಗವಾಯಿತಲ್ಲ ಎಂದು ಇವತ್ತಿಗೂ ನೆನೆಯುತ್ತೇನೆ. ಮಾಸ್ತರ ಕೈ ಕಟ್ಟಿಹಾಕಿದ್ದು ಅದೇ.

ಎರಡು ದಿನ ಅವರು ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಶಾಲೆಗೆ ಹೋಗುವಾಗ ಆಚೆ ಓಣಿಯಿಂದ ಸುತ್ತು ಹಾಕಿ ಹೋದರು. ಗಡುವು ಹತ್ತಿರ ಬರುತ್ತಿತ್ತು. ಬರಿ ಎಂದು ಮತ್ತೆ ಹೇಳಲು ನನಗೆ ಬಾಯಿ ಬರಲಿಲ್ಲ. ಮನೆ ಕೊಳ್ಳುವವರು ಯಾರಾದರೂ ಇದ್ದಾರೇನೋ ಕೇಳೋಣ ಎಂಬಲ್ಲಿಗೂ ನನ್ನ ಯೋಚನೆ ಹೋಗಿತ್ತು. ಮೂರನೆಯ ದಿನ ಸಂಜೆ ಆಯಿ ಅವರ ಮನೆಗೆ ಹೋಗಿ, ರಟ್ಟೆ ಹಿಡಿದು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂಡಿಸಿದಳು.

"ಅವರು ಕೇಳಿದ್ದೇನು? ಓದಿ ಹೇಳು," ಎಂದಳು ನನಗೆ.

"ಹುಟ್ಟಿನಿಂದ ಆಗಲಿ, ಲಗ್ನದಿಂದ ಆಗಲಿ ಸಂಬಂಧ ಇರಬಾರದು ಅಂತ ಐತಿ ಆಯಿ."

ಆಯಿ ಮಾಸ್ತರ ಕಡೆ ತಿರುಗಿದಳು. "ನೀನು ಈಕಿ ತಾಯಿ ಹೊಟ್ಟ್ಯಾಗ ಹುಟ್ಟಿದೇನು?"

"ಇಲ್ಲ."

"ಈಕಿ ಮನಿತನಕ್ಕ ನಿಮ್ಮವರ ಹೆಣ್ಣು ಕೊಟ್ಟು ತಂದದ್ದು ಐತೇನು?"

"ಇಲ್ಲ ಆಯಿ."

"ಹಂಗಾದ್ರ ಅಷ್ಟ ಬರಿ. ಉಳಿದದ್ದು ಅವರು ಕೇಳಿಲ್ಲ, ನೀ ಹೇಳಬ್ಯಾಡ."

ಮಾಸ್ತರು ಫಾರ್ಮನ್ನು ಹತ್ತಿರ ಎಳೆದುಕೊಂಡು ಆ ಸಾಲನ್ನು ತಾವೇ ಓದಿದರು. ಆಮೇಲೆ ಪೆನ್ನು ತೆಗೆದರು. ನಾಲ್ಕೇ ಸಾಲು. ಹುಟ್ಟಿನಿಂದಾಗಲಿ ಮದುವೆಯಿಂದಾಗಲಿ ನಾವು ಸಂಬಂಧಿಕರಲ್ಲ. ನಮ್ಮ ಊರಿನಲ್ಲಿ ನೆರೆಮನೆಯ ಹಿರಿಯ ಹೆಣ್ಣುಮಗಳನ್ನು ಅಕ್ಕ ಎನ್ನುವುದು ರೂಢಿ. ಆಕೆ ಜೀವಂತ ಇರುವುದನ್ನು ನಾನು ದಿನಾ ನೋಡುತ್ತೇನೆ. ಗಟ್ಟಿಯಾಗಿ ಒಮ್ಮೆ ಓದಿ, ಹೊಸ ಫಾರ್ಮನ್ನೂ ತುಂಬಿ, ಎರಡಕ್ಕೂ ಮೊಹರು ಒತ್ತಿದರು. ಅವರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗಿ, "ಇನ್ನರೆ ಉಣ್ಣಾಕ ಬರ್ತೀರಿಲ್ಲೋ? ಎರಡು ದಿನ ಆತು ರೊಟ್ಟಿ ಹಂಗೇ ಉಳ್ಯಾಕತ್ತಾವ," ಎಂದರು.

ಮರುದಿನ ಮಾಸ್ತರು ಅರ್ಧ ದಿನದ ರಜೆ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಶಹಾಪುರದಲ್ಲಿಯೇ ಹಾಕಬಹುದು ಎಂದರೂ ಕೇಳಲಿಲ್ಲ. ಯಾದಗಿರಿಯ ದೊಡ್ಡ ಪೋಸ್ಟಾಫೀಸೇ ಆಗಬೇಕು ಎಂದರು. ಭೀಮಾ ಸೇತುವೆ ದಾಟುವವರೆಗೂ ಲಕೋಟೆಯನ್ನು ಚೀಲಕ್ಕೆ ಹಾಕದೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಪೋಸ್ಟಾಫೀಸಿನ ಕಿಟಕಿಯಲ್ಲಿ ಕೂತಿದ್ದವನು ಕಳಿಸುವವರ ವಿಳಾಸ ಬರೆಯುತ್ತ, "ಇವ್ರು ನಿಮಗ ಏನಾಗ್ಬೇಕ್ರಿ ಸರ?" ಎಂದ. ಮಾಸ್ತರ ಬಾಯಿ ಅರ್ಧ ತೆರೆದು ನಿಂತಿತು. ನನ್ನ ಕಡೆ ನೋಡಿದರು.

"ಇಲ್ಲಿ ಹೇಳಬಹುದಪ್ಪ," ಎಂದೆ.

"ಅಕ್ಕ ಆಗ್ಬೇಕ್ರಿ," ಎಂದರು, ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಆರೇಳು ವಾರ ಕಳೆದವು. ಆ ದಿನಗಳಲ್ಲಿ ಮಾಸ್ತರ ಮನೆಯ ರೊಟ್ಟಿ, ಆಯಿಯ ಮನೆಯ ಹಾಲು ನನ್ನ ಹೊಸಿಲು ದಾಟಿ ಬರುತ್ತಲೇ ಇದ್ದವು. ಒಂದು ದಿನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಮೊಬೈಲು ಗುಂಯ್‌ಗುಟ್ಟಿತು. ತಡೆದಿದ್ದೆಲ್ಲ ಕೂಡಿ ಬ್ಯಾಂಕಿಗೆ ಬಂದಿತ್ತು. ಬದನೆಕಾಯಿ ಅಲ್ಲೇ ಬಿಟ್ಟು ಮಾಸ್ತರ ಶಾಲೆಯವರೆಗೂ ನಡೆದುಹೋದೆ. ಮಾಸ್ತರು ಪಾಠ ಮಾಡುತ್ತಿದ್ದರು. ಕಿಟಕಿಯಿಂದ ಮೊಬೈಲು ಎತ್ತಿ ತೋರಿಸಿದೆ. ಅವರು ಸೀಮೆಸುಣ್ಣ ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡು ಒಂದು ಗಳಿಗೆ ನಿಂತು, ಮತ್ತೆ ಹಲಗೆಯ ಕಡೆ ತಿರುಗಿದರು.

ಆ ಬೇಸಗೆಯ ಕೊನೆಗೆ, ಮಳೆ ಬೀಳುವ ಮೊದಲು, ನಾನು ಮಾರುವ ಯೋಚನೆ ಮಾಡಿದ್ದ ಅದೇ ಮನೆಯ ಮಾಳಿಗೆ ಸೋರದ ಹಾಗೆ, ಮೇಲಿನ ಹಳೇ ಮಣ್ಣು ತೆಗೆಸಿ ಹೊಸ ಮಣ್ಣು ಹಾಕಿಸಿದೆ. ಕೆರೆಯ ಮಣ್ಣು ಎರಡು ಟ್ರ್ಯಾಕ್ಟರ್ ಬಂತು. ಮಾಸ್ತರು ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಬೆಳಿಗ್ಗೆಯಿಂದ ಮಣ್ಣು ತುಳಿದರು. ಅವರ ಹೆಂಡತಿ ಬುಟ್ಟಿ ತುಂಬಿ ಕೊಟ್ಟರು. ಆಯಿ ಕೆಳಗೆ ನಿಂತು, ಮೇಲಿನದು ಕಾಣದಿದ್ದರೂ, ಎಲ್ಲಿ ತಗ್ಗು ಉಳಿಯಿತೆಂದು ಕೂಗಿ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಎಲ್ಲರೂ ಕೈಕಾಲು ತೊಳೆದುಕೊಂಡು ಒಳಗೆ ಬಂದು ಊಟ ಮಾಡಿದೆವು.